ಆ ಮಾತಿಗೆ ಮೊಣಕಾಲೂರುವುದೇಕೆ?



ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸ ಸಂಗ್ರಹ ಹೇಳುವಾಗ, ದೇವಪುತ್ರರು ಮನುಷ್ಯರಾದರೆಂಬ ಮಾತಿಗೆ ನಾವು ತಲೆಬಾಗುತ್ತೇವೆ. ಕ್ರಿಸ್ತಜಯಂತಿಯಂದು ಮತ್ತು ಮಂಗಳವಾರ್ತೆಯ ಹಬ್ಬದಂದು ಅದೇ ಮಾತಿಗೆ ಮೊಣಕಾಲೂರುತ್ತೇವೆ. ಏಕೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ನಾವು ಬೇರೆ ಬೇರೆ ಧರ್ಮದ ನೆರೆಹೊರೆಯವರೊಂದಿಗೆ ಬಾಳುವವರು. ಗೋದಲಿ ನೋಡಲು ಬಂದವರು, "ನಿಮ್ಮ ಯೇಸು ದೇವರೋ, ಮನುಷ್ಯರೋ?" ಎಂದು ಕೇಳಿದರೆ ನಮ್ಮ ಮಕ್ಕಳು ಏನೆಂದು ಉತ್ತರಿಸಬೇಕು?

ಈ ಪ್ರಶ್ನೆ ಹೊಸದಲ್ಲ. ಅಲೆಕ್ಸಾಂಡ್ರಿಯದ ಗುರು ಆರಿಯಸನು, ಪುತ್ರನೂ ಒಂದು ಸೃಷ್ಟಿ, ಸೃಷ್ಟಿಗಳಲ್ಲಿ ಶ್ರೇಷ್ಠ, ಅಷ್ಟೇ ಎಂದು ಬೋಧಿಸಿದನು. ಕ್ರಿ.ಶ. 325ರಲ್ಲಿ ನೈಸೀಯ ಮಹಾಸಭೆಯು ಇದನ್ನು ತಳ್ಳಿಹಾಕಿ, ಪುತ್ರರು ಪಿತರೊಡನೆ ಒಂದೇ ತತ್ವವುಳ್ಳ ನಿಜದೇವರೆಂದು ಸಾರಿತು. ಮುಂದೆ ಬೇರೆ ಕೆಲವರು, ಯೇಸುವಿನ ಮನುಷ್ಯತ್ವ ದೈವತ್ವದಲ್ಲಿ ಕರಗಿಹೋಯಿತೆಂದರು. 451ರಲ್ಲಿ ಕಾಲ್ಸೆದೋನ್ ಮಹಾಸಭೆ ಇದನ್ನೂ ಒಪ್ಪಲಿಲ್ಲ. ಕ್ರಿಸ್ತರು ಒಬ್ಬರೇ, ಅವರಲ್ಲಿ ದೈವಸ್ವಭಾವ, ಮಾನವಸ್ವಭಾವ ಎರಡೂ ಪೂರ್ಣವಾಗಿವೆ, ಒಂದರಲ್ಲೊಂದು ಬೆರೆತು ಹೋಗುವುದಿಲ್ಲ, ಒಂದನ್ನೊಂದು ಬಿಟ್ಟು ಅಗಲುವುದೂ ಇಲ್ಲ ಎಂದು ಕಲಿಸಿತು.

ಹಾಗಾದರೆ ಯೇಸು ಅರ್ಧ ದೇವರು, ಅರ್ಧ ಮನುಷ್ಯರಲ್ಲ. ಹಾಲಿಗೆ ನೀರು ಬೆರೆಸಿದರೆ ಅದು ಹಾಲೂ ಅಲ್ಲ, ನೀರೂ ಅಲ್ಲ. ದಮಸ್ಕದ ಸಂತ ಯೊವಾನ್ನರು ಬೆಂಕಿಯಲ್ಲಿ ಕಾಯಿಸಿದ ಕತ್ತಿಯ ಹೋಲಿಕೆ ಕೊಟ್ಟರು. ನಮಗೆ ಜೋಳ ಕೊಯ್ಯುವ ಕುಡುಗೋಲು ಸಾಕು. ಕಮ್ಮಾರನ ಕುಲುಮೆಯಲ್ಲಿ ಅದು ಕೆಂಪಗೆ ಕಾದಾಗ ಸುಡುವುದು ಬೆಂಕಿಯ ಗುಣ, ಕೊಯ್ಯುವುದು ಕಬ್ಬಿಣದ ಗುಣ. ಕುಡುಗೋಲು ಮಾತ್ರ ಒಂದೇ. ಯಾವ ಹೋಲಿಕೆಯೂ ಪೂರ್ಣವಲ್ಲ; ಆದರೂ ದಾರಿ ತೋರಿಸುತ್ತದೆ.

ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ಓದಿರಿ. ನಡುಹಗಲಿನಲ್ಲಿ ದಣಿದ ಯೇಸು ಬಾವಿಯ ಬಳಿ ಕುಳಿತು ಸಮಾರಿಯದ ಹೆಂಗಸನ್ನು ನೀರು ಕೇಳುತ್ತಾರೆ. ಬೇಸಿಗೆಯಲ್ಲಿ ಕೊಡ ಹೊತ್ತು ನಡೆದ ನಮ್ಮ ತಾಯಂದಿರಿಗೆ ಆ ದಣಿವು ಗೊತ್ತು. ಅದೇ ಯೇಸು ಆಕೆಗೆ ನಿತ್ಯಜೀವದ ನೀರನ್ನು ಕೊಡುವುದಾಗಿ ಹೇಳುತ್ತಾರೆ. ಬಾಯಾರಿದವರೂ ಅವರೇ, ಬಾಯಾರಿಕೆ ನೀಗಿಸುವವರೂ ಅವರೇ.

ಅವರು ಕೇವಲ ಮನುಷ್ಯರಾಗಿದ್ದರೆ ನಮ್ಮೊಡನೆ ಅಳಬಲ್ಲವರಾಗಿದ್ದರು, ಪಾಪ ಮರಣಗಳಿಂದ ಬಿಡಿಸಲಾರರಾಗಿದ್ದರು. ಮನುಷ್ಯರೂಪ ಬರೀ ವೇಷವಾಗಿದ್ದರೆ ಶಿಲುಬೆಯ ನೋವೂ ವೇಷವೇ ಆಗುತ್ತಿತ್ತು. ಆದರೆ ಅವರು ತೊಟ್ಟ ಮನುಷ್ಯತ್ವವನ್ನು ಮತ್ತೆ ಕಳಚಿಡಲಿಲ್ಲ. ಪುನರುತ್ಥಾನದ ಬಳಿಕವೂ ಗಾಯದ ಗುರುತುಗಳನ್ನು ತೋರಿಸಿದರು. ಅದೇ ದೇಹದೊಂದಿಗೆ ಸ್ವರ್ಗಕ್ಕೇರಿದರು.

ಆದುದರಿಂದ ನಾವು ಮೊಣಕಾಲೂರುತ್ತೇವೆ. ಊರಿದ ಮೇಲೆ ನಮ್ಮ ಮೇಲೊಂದು ಹೊಣೆಯೂ ಬೀಳುತ್ತದೆ. ದೇವಪುತ್ರರು ತಮ್ಮದಾಗಿಸಿಕೊಂಡ ಮನುಷ್ಯತ್ವ ಹೊಲದ ಕೂಲಿಯವರಲ್ಲಿದೆ, ದುಡಿಮೆಗೆಂದು ಊರು ಬಿಟ್ಟುಹೋದವರಲ್ಲಿದೆ, ಜಾತಿಯ ಹೆಸರಿನಲ್ಲಿ ದೂರ ಇಡಲ್ಪಟ್ಟವರಲ್ಲಿದೆ. ಅದನ್ನು ಗೋದಲಿಯ ಮುಂದೆ ಆರಾಧಿಸಿ, ಗುಡಿಯ ಹೊರಗೆ ಕೀಳಾಗಿ ಕಾಣುವುದು ಸಲ್ಲದು.

ನೆರೆಯವರು ಕೇಳಿದಾಗ ನಮ್ಮ ಮಕ್ಕಳು ಅಂಜದೆ ಹೇಳಲಿ: ಯೇಸು ನಿಜವಾಗಿ ದೇವರು, ನಿಜವಾಗಿ ಮನುಷ್ಯರು. ನಮ್ಮ ನಡೆ ಆ ಮಾತಿಗೆ ಸಾಕ್ಷಿಯಾಗಲಿ. ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.