ಬೆಕ್ಕಿನ ಮರಿ ಸಿಕ್ಕಿದರೆ ಮೊದಲು ತಾಯಿಯನ್ನು ಹುಡುಕೋಣ

ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿದ್ದ ದಿನಗಳವು. ಬೆಳಗ್ಗಿನ ಮದ್ರಸಕ್ಕೆ ಬರುವಾಗ ನಾಲ್ಕೈದು ಮಕ್ಕಳು ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಒಳಗೆ ಮೂರು ಬೆಕ್ಕಿನ ಮರಿಗಳು. ತೋಟದ ಲೈನ್ ಮನೆಯ ಹಿಂದಿನ ಸೌದೆ ರಾಶಿಯಲ್ಲಿ ಸಿಕ್ಕಿದವಂತೆ. "ಉಸ್ತಾದ್, ಪಾಪ, ಇವಕ್ಕೆ ಯಾರೂ ಇಲ್ಲ" ಎಂದರು. ನಾವು ಮಕ್ಕಳ ಬೆನ್ನು ತಟ್ಟಿದೆವು, ಹಾಲು ತರಿಸಿ ಕುಡಿಸಿದೆವು, ಅಂದಿನ ಪಾಠವನ್ನೂ ಪ್ರಾಣಿದಯೆಯ ಮೇಲೆಯೇ ಮಾಡಿದೆವು.

ಇಶಾ ನಮಾಝ್ ಮುಗಿದ ಮೇಲೆ ಲೈನ್ ಮನೆಯ ಕಡೆಯ ಸಹೋದರರೊಬ್ಬರು ಬಂದು ಹೇಳಿದರು: "ಉಸ್ತಾದರೇ, ಬೆಳಗ್ಗೆಯಿಂದ ಒಂದು ಬೆಕ್ಕು ಸೌದೆ ರಾಶಿಯ ಸುತ್ತ ಕೂಗುತ್ತಾ ತಿರುಗುತ್ತಿದೆ. ಮೀನು ಹಾಕಿದರೂ ಮುಟ್ಟುತ್ತಿಲ್ಲ."

ಟಾರ್ಚ್ ಹಿಡಿದು ಮರಿಗಳನ್ನು ಒಯ್ದು ಅಲ್ಲೇ ಇಟ್ಟು, ದೂರ ನಿಂತೆವು. ಸ್ವಲ್ಪ ಹೊತ್ತಿಗೆ ತಾಯಿ ಬಂತು. ಎರಡು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಒಯ್ದಿತು. ಮೂರನೆಯದಕ್ಕೆ ಅಷ್ಟರಲ್ಲಿ ಭೇದಿ ಹತ್ತಿ ನಿತ್ರಾಣವಾಗಿತ್ತು. ಮಾರನೆಯ ದಿನ ಅದು ಸತ್ತಿತು. ಹಸುವಿನ ಹಾಲು ಬೆಕ್ಕಿನ ಮರಿಗೆ ಆಗದು ಎಂದು ನಮಗೆ ಆಗ ತಿಳಿದಿರಲಿಲ್ಲ. ಮಕ್ಕಳ ತಪ್ಪು ಇದರಲ್ಲಿ ಏನೂ ಇಲ್ಲ. ಕೇಳದೆ, ವಿಚಾರಿಸದೆ ಅವರನ್ನು ಹೊಗಳಿದ ನಮ್ಮದೇ ತಪ್ಪು.

ಆ ವಾರದ ಜುಮಾ ಖುತುಬಾದಲ್ಲಿ ನಾವು ಹೇಳಿದ್ದನ್ನು, ಆಮೇಲೆ ಪಶುವೈದ್ಯರಲ್ಲಿ ಕೇಳಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಮರಿ ಸಿಕ್ಕಾಗ ಏನು ಮಾಡಬೇಕು, ಬೆಕ್ಕು ಸಾಕಬೇಕೆಂದರೆ ಎಲ್ಲಿಂದ ತರಬೇಕು ಎಂದು ಅನೇಕ ಮನೆಗಳಿಂದ ಪ್ರಶ್ನೆ ಬಂದಿರುವುದೂ ಇದಕ್ಕೆ ಕಾರಣ.

ದಯೆಗೂ ಒಂದು ತಿಳಿವಳಿಕೆ ಬೇಕು

ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಇಬ್ನು ಮಸ್ಊದ್(ರ) ಅವರಿಂದ ಬಂದ ಒಂದು ಘಟನೆಯಿದೆ. ಪ್ರಯಾಣದ ನಡುವೆ ಕೆಲವು ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿ ಮುಹಮ್ಮದ್(ಸ) ಅದನ್ನು ಕಂಡು, ಮರಿಗಳನ್ನು ತೆಗೆದು ಈ ತಾಯಿಯನ್ನು ಸಂಕಟಕ್ಕೆ ಗುರಿಮಾಡಿದವರು ಯಾರೆಂದು ಕೇಳಿದರು. ಮರಿಗಳನ್ನು ಅದಕ್ಕೆ ಹಿಂದಿರುಗಿಸಲು ಆಜ್ಞಾಪಿಸಿದರು.

ಗಮನಿಸಿ, ಆ ಮರಿಗಳನ್ನು ಎತ್ತಿದವರು ಕ್ರೂರಿಗಳಾಗಿರಲಿಲ್ಲ, ಸಹಾಬಿಗಳಾಗಿದ್ದರು. ಮರಿಯನ್ನು ಕಂಡಾಗ ಕೈ ಚಾಚುವುದು ಮನುಷ್ಯ ಸಹಜ. ಆದರೆ ಪ್ರವಾದಿ(ಸ) ಅವರ ದೃಷ್ಟಿ ಮರಿಗಿಂತ ಮೊದಲು ತಾಯಿಯ ಮೇಲೆ ಬಿತ್ತು. ನಮ್ಮ ಮೂರು ಮರಿಗಳ ವಿಷಯದಲ್ಲಿ ನಾವು ಮರೆತದ್ದು ಇದನ್ನೇ.

ಮುಟ್ಟುವ ಮುಂಚೆ

ನಮ್ಮ ಕಡೆ ಬೆಕ್ಕು ಮರಿ ಹಾಕುವುದು ಸೌದೆ ಕೊಟ್ಟಿಗೆ, ಅಟ್ಟ, ಕಾಫಿ ಸ್ಟೋರಿನ ಗೋಣಿಚೀಲಗಳ ಸಂದಿ, ಇಂಥ ಮರೆಯ ಜಾಗಗಳಲ್ಲಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುವುದುಂಟು. ಜಾಗ ಬದಲಿಸುವಾಗ ಅದು ಒಂದು ಸಲಕ್ಕೆ ಒಂದೇ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ. ಉಳಿದವು ನಮ್ಮ ಕಣ್ಣಿಗೆ ಅನಾಥವಾಗಿ ಕಾಣುತ್ತವೆ. ಆಹಾರ ಹುಡುಕಲು ಹೋದ ತಾಯಿ ಕೆಲವು ಗಂಟೆ ಬಾರದೆ ಇರುವುದೂ ಸಹಜ.

ಮೈ ಶುಚಿಯಾಗಿ, ಹೊಟ್ಟೆ ದುಂಡಗಾಗಿ, ಒಂದರ ಮೇಲೊಂದು ಮಲಗಿ ನಿದ್ರಿಸುತ್ತಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ. ಅವನ್ನು ಮುಟ್ಟಬೇಡಿ. ದೂರದಿಂದ ಅರ್ಧ ದಿನ ಗಮನಿಸಿ. ಕಾದು ಕೂರಲು ಆಗದಿದ್ದರೆ ಮರಿಗಳ ಸುತ್ತ ಸ್ವಲ್ಪ ದೂರದಲ್ಲಿ ತೆಳುವಾಗಿ ತಣ್ಣನೆಯ ಒಲೆಬೂದಿ ಉದುರಿಸಿಡಿ. ತಾಯಿ ಬಂದು ಹೋದರೆ ಹೆಜ್ಜೆ ಕಾಣುತ್ತದೆ. ಮಳೆ, ನಾಯಿ, ಇರುವೆಗಳ ಕಾಟವಿದ್ದರೆ ಕೆಲವೇ ಅಡಿ ದೂರದ ಒಣ ಜಾಗಕ್ಕೆ ಸರಿಸಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತಿದೆ. ಸಾಮಾನ್ಯವಾಗಿ ಹಾಗೇನೂ ಆಗುವುದಿಲ್ಲ. ತಾಯಿಗೆ ಒಂದಿಷ್ಟು ಮೀನು, ಅನ್ನ, ಪಾತ್ರೆಯಲ್ಲಿ ನೀರು ಇಟ್ಟರೆ ಅದೇ ಆ ಮರಿಗಳಿಗೆ ನಾವು ಮಾಡುವ ದೊಡ್ಡ ಉಪಕಾರ.

ತಾಯಿ ಬಾರದಿದ್ದರೆ

ಮರಿಗಳು ಕೊಳಕಾಗಿ, ತಣ್ಣಗಾಗಿ, ಬಿಡದೆ ಕೂಗುತ್ತಿದ್ದರೆ, ಅಥವಾ ತಾಯಿ ಸತ್ತಿದ್ದು ಖಚಿತವಾದರೆ, ಆಗ ಅವು ನಮ್ಮ ಹೊಣೆ. ಮೊದಲು ಬೇಕಾದದ್ದು ಹಾಲಲ್ಲ, ಬೆಚ್ಚಗಿನ ಜಾಗ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಒಂದು ಬದಿಗಿಡಿ. ಮೈ ತಣ್ಣಗಿರುವ ಮರಿಗೆ ಕುಡಿಸಿದರೆ ಅದು ಜೀರ್ಣಿಸಿಕೊಳ್ಳಲಾರದು.

ಹಸುವಿನ ಹಾಲು ಭೇದಿ ತರುತ್ತದೆ. ಬೆಕ್ಕಿನ ಮರಿಗೆಂದೇ ತಯಾರಾದ ಹಾಲಿನ ಪುಡಿ ಔಷಧಿ ಅಂಗಡಿಗಳಲ್ಲಿ, ಸಾಕುಪ್ರಾಣಿಗಳ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಮರಿಯನ್ನು ಅಂಗಾತ ಹಿಡಿದು ಕುಡಿಸಬಾರದು. ಹೊಟ್ಟೆಯ ಮೇಲೆ ನಿಲ್ಲಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಹನಿಹನಿಯಾಗಿ ಕೊಡಬೇಕು. ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಣ್ಣು ತೆರೆಯುವುದು ಸುಮಾರು 7ರಿಂದ 14 ದಿನಗಳಲ್ಲಿ. ಅಷ್ಟು ಚಿಕ್ಕ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಕುಡಿಸಬೇಕು. ಪ್ರತಿ ಸಲ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಿದರೆ ಮಾತ್ರ ಅದು ಮೂತ್ರ, ಮಲ ವಿಸರ್ಜಿಸುತ್ತದೆ. ನಾಲ್ಕು ವಾರವಾದಾಗ ಮೆತ್ತಗಿನ ಆಹಾರ ಶುರು ಮಾಡಬಹುದು. ಮನುಷ್ಯರ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಎಂದೂ ಕೊಡಬೇಡಿ.

ಇದೆಲ್ಲ ಒಂದು ಮನೆಗೆ ಹೊರೆ ಎನಿಸಿದರೆ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಸಲಹೆ ಕೇಳಿ. ಸಂಚಾರಿ ಪಶು ಚಿಕಿತ್ಸಾ ಘಟಕದ ಸಹಾಯವಾಣಿ 1962. ಊರಿನಲ್ಲಿ ಬೇರೆ ಬೆಕ್ಕು ಮರಿ ಹಾಕಿದ್ದರೆ ವಿಚಾರಿಸಿ. ಹಾಲುಣಿಸುವ ಬೆಕ್ಕು ಅದೇ ವಯಸ್ಸಿನ ಪರರ ಮರಿಯನ್ನೂ ಸೇರಿಸಿಕೊಳ್ಳುವುದುಂಟು.

ಸಿಕ್ಕಿದ ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಮರಿ ಚಿಕ್ಕದು ಎಂದು ಅಲಕ್ಷಿಸಬೇಡಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಉಣುಗಿನಿಂದ ಹರಡುವುದರಿಂದ, ಕಾಡಂಚಿನಿಂದ ತಂದ ಯಾವ ಪ್ರಾಣಿಯ ಮೈಯಲ್ಲಾದರೂ ಉಣುಗು ಇದೆಯೇ ಎಂದು ನೋಡಿಯೇ ಒಳಗೆ ಬಿಡಿ. ಉಣುಗನ್ನು ಬರಿಗೈಯಲ್ಲಿ ಕೀಳಬೇಡಿ.

ಅದು ಕಾಡಿನ ಮರಿಯಾಗಿದ್ದರೆ

ಕಳಸ, ಮೂಡಿಗೆರೆ ಕಡೆಯ ತೋಟಗಳಲ್ಲಿ ಇದು ಮುಖ್ಯ ವಿಷಯ. ಕಾಡುಬೆಕ್ಕು, ಮೈಮೇಲೆ ಚಿರತೆಯಂತೆ ಚುಕ್ಕೆಗಳಿರುವ ಚಿರತೆ ಬೆಕ್ಕು, ಪುನುಗು ಬೆಕ್ಕು, ಇವೆಲ್ಲ ಕಾಫಿ ತೋಟದಲ್ಲೂ ಓಡಾಡುತ್ತವೆ, ಮರಿ ಹಾಕುತ್ತವೆ. ಕಳೆ ತೆಗೆಯುವಾಗ ಪೊದೆಯಲ್ಲಿ ಮರಿ ಕಂಡರೆ ನೋಡಲು ಮನೆಬೆಕ್ಕಿನಂತೆಯೇ ಇರಬಹುದು. ಹಣೆಯ ಮೇಲೆ ಸ್ಪಷ್ಟ ಬಿಳಿ ಗೆರೆ, ಗುಂಡನೆಯ ಕಿವಿಯ ಹಿಂದೆ ಬಿಳಿ ಚುಕ್ಕೆ, ಮೈತುಂಬ ಕಪ್ಪು ಚುಕ್ಕೆ ಇದ್ದರೆ ಅದು ಚಿರತೆ ಬೆಕ್ಕಿನ ಮರಿ. ಮನೆಗಳಿಂದ ದೂರದ ತೋಟದಲ್ಲಿ ಸಿಕ್ಕಿ, ಸಂಶಯವಿದ್ದರೆ ಮುಟ್ಟಬೇಡಿ. ಆ ದಿನ ಆ ಸಾಲಿನ ಕೆಲಸ ಬಿಟ್ಟು ಬೇರೆ ಕಡೆ ಕೆಲಸ ಮಾಡಿ. ಹೆಚ್ಚಿನ ಸಲ ರಾತ್ರಿಯೊಳಗೆ ತಾಯಿ ಬಂದು ಒಯ್ಯುತ್ತದೆ. ಒಯ್ಯದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವು ರಕ್ಷಿತ ಪ್ರಾಣಿಗಳು, ಮನೆಯಲ್ಲಿ ಸಾಕುವುದು ಅಪರಾಧ. ಪ್ರಾಣಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಕುರ್‌ಆನ್ ಅಲ್‌ಅನ್ಆಮ್ ಅಧ್ಯಾಯದ 38ನೇ ವಚನದಲ್ಲಿ ನೆನಪಿಸುತ್ತದೆ. ಅವುಗಳ ಸಮುದಾಯದಿಂದ ಒಂದು ಮರಿಯನ್ನು ಕಿತ್ತು ತರುವ ಹಕ್ಕು ನಮಗಿಲ್ಲ.

ನಮಾಝ್ ಇರುವ ಮನೆಯಲ್ಲಿ ಬೆಕ್ಕು

ಬೆಕ್ಕು ಬಾಯಿ ಹಾಕಿದ ನೀರಿನಿಂದ ವುಝೂ ಆಗುತ್ತದೆಯೇ ಎಂಬುದು ಅಮ್ಮಂದಿರು ಹೆಚ್ಚಾಗಿ ಕೇಳುವ ಪ್ರಶ್ನೆ. ಸಹಾಬಿ ಅಬೂಕತಾದ(ರ) ಅವರಿಗೆ ಅವರ ಸೊಸೆ ಕಬ್ಶಾ ವುಝೂವಿಗೆ ನೀರು ಇಟ್ಟಿದ್ದರು. ಒಂದು ಬೆಕ್ಕು ಬಂದಾಗ ಅವರು ಪಾತ್ರೆಯನ್ನು ವಾಲಿಸಿ ಅದಕ್ಕೆ ಕುಡಿಸಿದರು. ಸೊಸೆ ಬೆರಗಾಗಿ ನೋಡಿದಾಗ, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ನಡುವೆ ಸುತ್ತಾಡುವ ಜೀವಿಗಳಲ್ಲೊಂದು ಎಂದು ಪ್ರವಾದಿ(ಸ) ಹೇಳಿದ್ದನ್ನು ತಿಳಿಸಿದರು. ಇಮಾಮ್ ಮಾಲಿಕರ ಮುವತ್ತಾ, ಅಬೂದಾವೂದ್, ತಿರ್ಮಿದಿ ಮುಂತಾದವುಗಳಲ್ಲಿ ಈ ಹದೀಸ್ ಇದೆ.

ನಮ್ಮ ಜಿಲ್ಲೆಯಲ್ಲಿ ಶಾಫಿಈ, ಹನಫೀ ಎರಡೂ ಮನೆಗಳಿವೆ. ಶಾಫಿಈ ಮದ್‌ಹಬ್ ಪ್ರಕಾರ ಬೆಕ್ಕಿನ ಬಾಯಿಗೆ ನಜಸ್ ತಾಗಿದ್ದು ಕಾಣದಿದ್ದರೆ ಆ ನೀರು ಶುದ್ಧ. ಹನಫೀ ಪ್ರಕಾರ ಬೇರೆ ನೀರು ಇರುವಾಗ ಅದನ್ನು ಬಳಸುವುದು ಅಷ್ಟು ಮೆಚ್ಚುಗೆಯದಲ್ಲ, ಆದರೆ ವುಝೂ ಆಗುತ್ತದೆ. ಉದುರಿದ ಕೂದಲು ಹನಫೀಗಳಲ್ಲಿ ಶುದ್ಧ. ಶಾಫಿಈಗಳಲ್ಲಿ ನಜಸ್, ಆದರೆ ಅಲ್ಪಸ್ವಲ್ಪಕ್ಕೆ ಮಾಫಿಯಿದೆ. ಮಲಮೂತ್ರ ಇಬ್ಬರಲ್ಲೂ ನಜಸ್, ಮುಸಲ್ಲಾಕ್ಕೆ ತಾಗಿದರೆ ತೊಳೆಯಲೇಬೇಕು. ಮನೆಯಲ್ಲಿ ಗರ್ಭಿಣಿಯಿದ್ದರೆ ಬೆಕ್ಕಿನ ಮಲವನ್ನು ಬೇರೆಯವರು ದಿನವೂ ತೆಗೆಯಲಿ. ಅದರಿಂದ ಶಿಶುವಿಗೆ ಹಾನಿ ಮಾಡುವ ಸೋಂಕು ತಗಲಬಹುದು. ಆ ಒಂದು ಎಚ್ಚರ ಇದ್ದರೆ ಸಾಕು, ಬೆಕ್ಕನ್ನೇ ಮನೆಯಿಂದ ಅಟ್ಟಬೇಕಿಲ್ಲ.

ಇನ್ನೊಂದು ಮಾತು. ಮಲಗಿದ್ದ ಬೆಕ್ಕನ್ನು ಎಬ್ಬಿಸಬಾರದೆಂದು ಪ್ರವಾದಿ(ಸ) ಅಂಗಿಯ ತೋಳನ್ನೇ ಕತ್ತರಿಸಿದರು ಎಂಬ ಕಥೆ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಪ್ರಮಾಣಿತ ಹದೀಸ್ ಗ್ರಂಥಗಳಲ್ಲಿ ಅದಿಲ್ಲ. ಬೆಕ್ಕಿನ ಪ್ರೀತಿ ಈಮಾನಿನ ಭಾಗ ಎಂಬುದು ಕೂಡ ಕಟ್ಟಿದ ಮಾತೆಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ದಯೆಯನ್ನು ಕಲಿಸಲು ಸುಳ್ಳು ಹದೀಸಿನ ಅಗತ್ಯವಿಲ್ಲ, ನಿಜವಾದ ಹದೀಸ್‌ಗಳೇ ಬೇಕಾದಷ್ಟಿವೆ.

ಸಾಕಬೇಕೆಂದರೆ ಎಲ್ಲಿಂದ ತರುವುದು?

ಮೊದಲು ನಿಮ್ಮ ಸುತ್ತಲೇ ನೋಡಿ. ಕೊಯ್ಲು ಮುಗಿದು ಕಾರ್ಮಿಕರು ಊರಿಗೆ ಹೋದ ಮೇಲೆ ಲೈನ್ ಮನೆಗಳಲ್ಲಿ ಉಳಿದ ಬೆಕ್ಕುಗಳಿವೆ. ಮೀನು ಮಾರುಕಟ್ಟೆಯ ಹಿಂದೆ, ಮಸೀದಿಯ ಅಂಗಳದಲ್ಲಿ ಬಂದು ಸೇರಿದವುಗಳಿವೆ. ನೆರೆಮನೆಯ, ನೆಂಟರ ಮನೆಯ ಬೆಕ್ಕು ಮರಿ ಹಾಕಿದ್ದರೆ ಎಂಟು ವಾರ ತುಂಬುವವರೆಗೆ ಕಾಯಿರಿ. ಅಷ್ಟರೊಳಗೆ ತಾಯಿಯಿಂದ ಬಿಡಿಸಿದ ಮರಿ ಬೇಗ ಕಾಯಿಲೆ ಬೀಳುತ್ತದೆ.

ಎರಡನೆಯದು ಪ್ರಾಣಿಗಳ ಆಶ್ರಯಧಾಮ. ಘಾಟಿ ಇಳಿದರೆ ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ ಇದೆ. ಬೇರೆ ಕೆಲಸಕ್ಕೆ ಆ ಊರಿಗೆ ಹೋಗುವವರು ಮೊದಲೇ ಫೋನ್ ಮಾಡಿ ವಿಚಾರಿಸಬಹುದು.

ಮೂರನೆಯದು ಹಣ ಕೊಟ್ಟು ಕೊಳ್ಳುವುದು. ಉದ್ದ ಕೂದಲಿನ ಪರ್ಶಿಯನ್ ಬೆಕ್ಕಿಗೆ ಸಾವಿರಾರು ರೂಪಾಯಿ ಕೊಡುವವರಿದ್ದಾರೆ. ಬೆಕ್ಕಿನ ಬೆಲೆ ಪಡೆಯುವುದನ್ನು ಪ್ರವಾದಿ(ಸ) ತಡೆದರೆಂದು ಜಾಬಿರ್(ರ) ಅವರಿಂದ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಿದೆ. ಹೆಚ್ಚಿನ ಉಲಮಾಗಳು ಇದನ್ನು ಹರಾಮ್ ಎಂದು ತೆಗೆದುಕೊಳ್ಳದೆ, ಬೆಕ್ಕನ್ನು ಉಚಿತವಾಗಿ ಕೊಡುವುದೇ ಉತ್ತಮ ಎಂಬ ಅರ್ಥದಲ್ಲಿ ತೆಗೆದುಕೊಂಡು ಮಾರಾಟಕ್ಕೆ ಅನುಮತಿ ಕೊಟ್ಟಿದ್ದಾರೆ. ಕೆಲವರು ನಿಷಿದ್ಧವೆಂದೇ ಹೇಳಿದ್ದಾರೆ. ಅಂಗಳದಲ್ಲಿ ಮರಿಗಳು ಹಸಿದಿರುವಾಗ ಪೇಟೆಯಿಂದ ದುಡ್ಡು ಕೊಟ್ಟು ತರುವುದೇಕೆ ಎಂಬುದು ನಮ್ಮ ಪ್ರಶ್ನೆ. ಮೇಲಾಗಿ ಆ ಕೂದಲನ್ನು ನಮ್ಮ ಮಳೆಗಾಲದಲ್ಲಿ ದಿನವೂ ಬಾಚಿ ಒಣಗಿಸುವವರು ಯಾರು?

ತಂದ ಮೇಲೆ ಜಂತುಹುಳದ ಔಷಧಿ, ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಹುದು, ಸುಮಾರು ಒಂಬತ್ತು ವಾರದಲ್ಲಿ ಮರಿ ಹಾಕುತ್ತದೆ. ಸಂತಾನ ತಡೆಯುವ ಶಸ್ತ್ರಚಿಕಿತ್ಸೆಗೆ ಪ್ರಯೋಜನವಿದ್ದರೆ, ತೊಂದರೆ ತಪ್ಪಿಸಬೇಕಿದ್ದರೆ ಹನಫೀ ಗ್ರಂಥಗಳಲ್ಲಿ ಅನುಮತಿಯಿದೆ. ಶಾಫಿಈ ಮದ್‌ಹಬ್‌ನ ಇಮಾಮ್ ನವವಿ(ರ) ಅವರು ತಿನ್ನಲಾಗದ ಪ್ರಾಣಿಗಳಲ್ಲಿ ಅದನ್ನು ತಡೆದಿದ್ದಾರೆ. ಶಾಫಿಈ ಮನೆಯವರು ತಮ್ಮ ಮಹಲ್ಲಿನ ಉಲಮಾರಲ್ಲಿ ಪರಿಸ್ಥಿತಿಯನ್ನು ವಿವರಿಸಿ ಕೇಳಿಕೊಳ್ಳಲಿ.

ಚೀಲದಲ್ಲಿ ಕಟ್ಟಿ ಬಿಡುವುದು ಪರಿಹಾರವಲ್ಲ

ಮರಿಗಳು ಹೆಚ್ಚಾದಾಗ ಚೀಲದಲ್ಲಿ ಹಾಕಿ ಘಾಟಿ ರಸ್ತೆಯಲ್ಲೋ ಮಸೀದಿ ಬಾಗಿಲಲ್ಲೋ ಬಿಟ್ಟು ಬರುವ ಅಭ್ಯಾಸ ನಮ್ಮಲ್ಲೂ ಇದೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಸ್ವತಃ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಣ್ಣೊಬ್ಬಳು ನರಕಕ್ಕೆ ಹೋದಳೆಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹಾಲು ಬಿಡದ ಮರಿಯನ್ನು ರಸ್ತೆಗೆ ಬಿಟ್ಟವನು ತಾನು ಕಟ್ಟಿಹಾಕಲಿಲ್ಲ ಎಂದು ತಪ್ಪಿಸಿಕೊಳ್ಳಬಹುದೇ? ಅದಕ್ಕೆ ಹುಡುಕಿ ತಿನ್ನುವ ಶಕ್ತಿಯೇ ಇಲ್ಲವಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿಯೂ ಅಪರಾಧ. ಸಾಕಲು ಆಗದವರು ಸಾಕುವ ಮನೆಯನ್ನು ಹುಡುಕಿ ಒಪ್ಪಿಸಲಿ. ಜುಮಾ ದಿನ ನಮಗೊಂದು ಮಾತು ಹೇಳಿದರೆ ನಮಾಝ್ ಮುಗಿದ ಮೇಲೆ ಜಮಾಅತಿನವರಲ್ಲಿ ನಾವೇ ಕೇಳುತ್ತೇವೆ.

ಬಾಯಾರಿದ ನಾಯಿಗೆ ಪಾದರಕ್ಷೆಯಲ್ಲಿ ನೀರು ತುಂಬಿ ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದನು. ಜೀವವಿರುವ ಪ್ರತಿಯೊಂದಕ್ಕೆ ಮಾಡಿದ ಉಪಕಾರಕ್ಕೂ ಪ್ರತಿಫಲವಿದೆ ಎಂದು ಪ್ರವಾದಿ(ಸ) ಆಗ ತಿಳಿಸಿದರು. ಆ ಮೂರು ಮರಿಗಳಲ್ಲಿ ಉಳಿದ ಎರಡು ಈಗ ಲೈನ್ ಮನೆಯಲ್ಲೇ ತಾಯಿಯ ಜೊತೆ ಬೆಳೆಯುತ್ತಿವೆ. ಅದೇ ಮಕ್ಕಳು ದಿನವೂ ಹೋಗಿ ತಾಯಿಗೆ ಮೀನಿನ ತಲೆ ಹಾಕಿ ಬರುತ್ತಾರೆ. ಎಂಟು ವಾರ ತುಂಬಿದ ಮೇಲೆ ಒಂದನ್ನು ನಾವು ತರುವುದೆಂದು ಮಾತಾಗಿದೆ.

ಮಾತನಾಡಲಾರದ ಜೀವಿಗಳ ವಿಷಯದಲ್ಲಿ ನಮ್ಮಿಂದಾದ ತಪ್ಪುಗಳನ್ನು ಅಲ್ಲಾಹನು ಮನ್ನಿಸಲಿ. ತಿಳಿದು ದಯೆ ತೋರುವ ತೌಫೀಕನ್ನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.