ಹೊತ್ತು ಸಾಲದೆಂಬ ಭಯ

ಮಾರ್ಚಿ ತಿಂಗಳು ಸಮೀಪಿಸಿತೆಂದರೆ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಮಗ್ಗದ ಸದ್ದಿನೊಡನೆ ಮಕ್ಕಳು ಪಾಠ ಒಪ್ಪಿಸುವ ದನಿಯೂ ಬೆರೆಯತೊಡಗುವುದು. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಸೀಮೆಯ ಹಳ್ಳಿಗಳಲ್ಲಿ ಬೆಳಕು ಹರಿಯುವುದಕ್ಕೆ ಮೊದಲೇ ಉಪಾಧ್ಯಾಯರು ಮನೆಗೆ ಫೋನು ಮಾಡಿ, ಹತ್ತನೆಯ ತರಗತಿಯ ಹುಡುಗನು ಎದ್ದನೋ ಇಲ್ಲವೋ ಎಂದು ವಿಚಾರಿಸುವುದೂ ಉಂಟು. ಈ ಶ್ರದ್ಧೆಯನ್ನು ನಾವು ಹಳಿಯುವವರಲ್ಲ. ಆದರೆ ಚೆನ್ನಾಗಿ ಓದಿದ ಹುಡುಗನೂ ನಡುಗುವನಲ್ಲಾ, ಅದೇಕೆ? ಪಾಠ ಬಾರದೆಂಬ ಭಯಕ್ಕಿಂತ ಹೊತ್ತು ಸಾಲದೆಂಬ ಭಯವೇ ಅನೇಕರಲ್ಲಿ ಬಲವಾಗಿರುವುದು. ಈ ಎರಡನೆಯ ಭಯವನ್ನು ಕಲ್ಪಿಸಿದವರು ದೊಡ್ಡವರಾದ ನಾವೇ.

ಐದನೆಯ ತರಗತಿಯ ಮಕ್ಕಳು ಬರೆಯುವ ಜವಾಹರ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಯನ್ನು ನೋಡಿರಿ. ಎರಡು ಗಂಟೆಗಳಲ್ಲಿ 80 ಪ್ರಶ್ನೆಗಳು. ಎಂದರೆ ಒಂದೊಂದಕ್ಕೆ ಒಂದೂವರೆ ನಿಮಿಷ. ಅಷ್ಟರಲ್ಲಿ ಪ್ರಶ್ನೆಯನ್ನೋದಿ, ಲೆಕ್ಕ ಮಾಡಿ, ಸರಿಯಾದ ವೃತ್ತವನ್ನು ತುಂಬಬೇಕು. ವಿದ್ಯಾಲಯವೊಂದಕ್ಕೆ ಆರನೆಯ ತರಗತಿಯಲ್ಲಿ ಹೆಚ್ಚೆಂದರೆ 80 ಸ್ಥಾನಗಳು. ಈ ಪರೀಕ್ಷೆಗೆ ಎರಡನೆಯ ಸಲ ಕುಳಿತುಕೊಳ್ಳುವಂತಿಲ್ಲ. ಸ್ಥಾನಗಳಲ್ಲಿ ನೂರಕ್ಕೆ 75ರಷ್ಟಾದರೂ ಗ್ರಾಮಾಂತರದ ಮಕ್ಕಳಿಗೆ ಸಲ್ಲುವುದರಿಂದ, ಹತ್ತು ವರ್ಷದ ಮಗುವಿನ ಹೆಗಲ ಮೇಲೆ ಇಡೀ ಮನೆಯ ಆಸೆಯು ಬಂದು ಕೂರುವುದು. ಕಠಿಣವಾದ ಏರ್ಪಾಡೇ ಸರಿ. ಆದರೂ ಅದಕ್ಕೊಂದು ಕಾರಣವುಂಟು. ಹಂಚತಕ್ಕ ಸ್ಥಾನಗಳು ಕೆಲವು, ಬೇಡುವವರು ಬಹುಮಂದಿ, ಜರಡಿಯಿಲ್ಲದೆ ತೀರದು.

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕವರ ಸಂಖ್ಯೆಗೆ ಇಂತಹ ಮಿತಿಯೇನಿದೆ? ಇತ್ತೀಚಿನ ವರ್ಷಗಳ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆಗಳು, 80 ಅಂಕಗಳು. ಓದಿಕೊಳ್ಳಲು 15 ನಿಮಿಷ, ಬರೆಯಲು ಮೂರು ಗಂಟೆ. ಇದರೊಳಗೆ ಪ್ರಮೇಯವನ್ನು ಸಾಧಿಸಬೇಕು, ನಕ್ಷೆಯನ್ನು ಎಳೆಯಬೇಕು, ತಪ್ಪಿದ್ದನ್ನು ಹೊಡೆದುಹಾಕಿ ಮತ್ತೆ ಬರೆಯಬೇಕು. ಹಳ್ಳಿಯಿಂದ ಹೊರಟು, ಗುರುತಿಲ್ಲದ ಶಾಲೆಯ ಗುರುತಿಲ್ಲದ ಕೊಠಡಿಯಲ್ಲಿ ಕುಳಿತ ಹುಡುಗಿಯು ಮೊದಲ ಕಾಲು ಗಂಟೆಯನ್ನು ಎದೆಬಡಿತವನ್ನು ತಹಬಂದಿಗೆ ತರುವುದರಲ್ಲಿಯೇ ಕಳೆದರೆ ಆಶ್ಚರ್ಯವೇನು? ಕೊನೆಯ ಗಂಟೆ ಬಾರಿಸಿದಾಗ ಅವಳಿಗೆ ತಿಳಿದಿದ್ದ ಎರಡು ಲೆಕ್ಕಗಳು ಕಾಗದಕ್ಕೆ ಇಳಿಯದೆಯೇ ಉಳಿಯುವುವು. ಅವಳಿಗೆ ಗಣಿತ ಬಾರದೆಂದು ಅಂಕಪಟ್ಟಿಯು ಸಾರುವುದು. ಬಾರದಿದ್ದುದು ವೇಗ ಮಾತ್ರ. ಕಡತವೊಂದಕ್ಕೆ ಐದು ನಿಮಿಷವೆಂದು ವಿಧಿಸಿದಲ್ಲಿ ನಮ್ಮ ಕಚೇರಿಗಳಲ್ಲಿ ಎಷ್ಟು ಮಂದಿ ತೇರ್ಗಡೆಯಾಗುವರೋ ಕಾಣೆವು.

ಸರ್ಕಾರದವರು ಕಠಿಣಹೃದಯರೆಂದು ನಾವು ಹೇಳುವುದಿಲ್ಲ. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಿದುದು ಶ್ಲಾಘ್ಯವಾದ ಕ್ರಮ. ಅದೇ ವರ್ಷ ಕೊಠಡಿಗಳಿಗೆ ಕ್ಯಾಮರಾದ ಕಾವಲು ಬಂದಿತು. ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆಯೂ ಮೊದಲ ಪರೀಕ್ಷೆಯ ಫಲಿತಾಂಶವು ಹಿಂದಿನ ವರ್ಷದ 83.89ರಿಂದ ನೂರಕ್ಕೆ 73.40ಕ್ಕೆ ಇಳಿಯಿತು. 2025ರಲ್ಲಿ ತೇರ್ಗಡೆಯ ಮಿತಿಯನ್ನು 35ರಿಂದ 33ಕ್ಕೆ ಇಳಿಸುವುದಾಗಿ ಸಾರಲಾಯಿತು. ಅಂಕಗಳನ್ನು ದಾನ ಮಾಡುವ ಕೈ ಅರ್ಧ ಗಂಟೆಯನ್ನು ಕೊಡಲು ಹಿಂದೆಗೆಯುವುದೇಕೆಂಬುದೇ ನಮಗೆ ತಿಳಿಯದು. ದಾನದ ಅಂಕ ಪಡೆದವನು ತಲೆ ತಗ್ಗಿಸುವನು. ಹೊತ್ತು ಪಡೆದವನು ತನ್ನದನ್ನೇ ತಾನು ಗಳಿಸುವನು.

ಇನ್ನು ಚಿಕ್ಕ ಮಕ್ಕಳ ಪಾಡು. 2023ರಲ್ಲಿ ಐದು ಮತ್ತು ಎಂಟನೆಯ ತರಗತಿಗಳಿಗೆ ಪಬ್ಲಿಕ್ ಪರೀಕ್ಷೆಯ ಮಾದರಿಯ ಮೌಲ್ಯಾಂಕನವು ನ್ಯಾಯಾಲಯದ ವಾದಗಳ ನಡುವೆಯೇ ನಡೆಯಿತು. 2024ರಲ್ಲಿ ಒಂಬತ್ತನೆಯ ತರಗತಿಯೂ ಸೇರಿತು. ಮಾರ್ಚಿ 11ರಂದು ಪರೀಕ್ಷೆ ಆರಂಭವಾಯಿತು. 12ರಂದು ಸುಪ್ರೀಂ ಕೋರ್ಟು ತಡೆಯಿತು. 22ರಂದು ಹೈಕೋರ್ಟಿನ ವಿಭಾಗೀಯ ಪೀಠವು ಅನುಮತಿಸಿತು. 25ರಿಂದ ಉಳಿದ ಪತ್ರಿಕೆಗಳು ನಡೆದುವು. ಏಪ್ರಿಲ್ 8ರಂದು ಫಲಿತಾಂಶಕ್ಕೇ ತಡೆ ಬಿದ್ದಿತು. ನಾಳೆ ಪರೀಕ್ಷೆಯುಂಟೋ ಇಲ್ಲವೋ ಎಂದು ಹತ್ತು ವರ್ಷದ ಮಗು ಕೇಳಿದರೆ ಉತ್ತರಿಸಬಲ್ಲ ಉಪಾಧ್ಯಾಯನೇ ಆಗ ಇರಲಿಲ್ಲ. ಮಗುವನ್ನು ಭಯದಿಂದಲೂ ಆತಂಕದಿಂದಲೂ ಬಿಡಿಸಬೇಕೆಂದು 2009ರ ಶಿಕ್ಷಣದ ಹಕ್ಕಿನ ಕಾನೂನು ಹೇಳುವುದನ್ನು ಓದಿದವರಿಗೆ ಇದು ವಿಚಿತ್ರವಾಗಿ ಕಂಡೀತು.

ಸಮಯದ ಮಿತಿಯಿಲ್ಲದೆ ಪರೀಕ್ಷೆ ನಡೆಸಲಾದೀತೇ ಎಂದು ಅಧಿಕಾರಿಗಳು ಕೇಳಬಹುದು. ಮಿತಿಯೇ ಬೇಡವೆಂಬುದು ನಮ್ಮ ವಾದವಲ್ಲ. ಅಂಗವಿಕಲ ಮಕ್ಕಳಿಗೆ ಹೆಚ್ಚಿನ ಕಾಲವನ್ನು ಈಗಾಗಲೇ ಕೊಡುತ್ತಿರುವರು. ಅದರಿಂದ ಪರೀಕ್ಷೆಯ ಗೌರವವೇನೂ ಕುಂದಿಲ್ಲ. ಹತ್ತನೆಯ ತರಗತಿಯಲ್ಲಿ ಎಲ್ಲರಿಗೂ ಅರ್ಧ ಗಂಟೆ ಕೂಡಿಸಲಿ, ಇಲ್ಲವೆ ಪ್ರಶ್ನೆಗಳನ್ನು ಕಡಮೆ ಮಾಡಲಿ. ಐದನೆಯ ತರಗತಿಯಲ್ಲಿಯಂತೂ ಮಗುವು ಬರೆದು ಮುಗಿಸುವವರೆಗೆ ಅದರ ಉಪಾಧ್ಯಾಯರೇ ಕಾದಿರಲಿ. ಮನೆಯವರು ಕೂಡ ಪರೀಕ್ಷೆ ಮುಗಿಸಿ ಬಂದ ಮಗುವನ್ನು ಎಷ್ಟು ಅಂಕ ಬಂದೀತೆಂದು ಕೇಳುವ ಮೊದಲು ಉಂಡೆಯಾ ಎಂದು ಕೇಳಬಹುದು. ಮಗುವು ಊಟ, ನಿದ್ರೆಗಳನ್ನು ಬಿಟ್ಟು ಮಂಕಾಗಿ ಕುಳಿತಿದ್ದರೆ ಫಲಿತಾಂಶದವರೆಗೆ ಕಾಯಬೇಕಾಗಿಲ್ಲ. ಮಾನಸಿಕ ನೆರವಿಗಾಗಿ ಏರ್ಪಡಿಸಿರುವ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.