ನಾಟಿಗದ್ದೆಯ ಪಾಡ್ದನ: ಗುಂಪುಗಾಯನದ ಸ್ವರೂಪ

ಕಾಸರಗೋಡು ಜಿಲ್ಲೆಯ ಬೆಳ್ಳೂರು ಕರ್ನಾಟಕದ ಗಡಿಗೆ ಹೊಂದಿಕೊಂಡ ಗ್ರಾಮ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ಪ್ರದೇಶದಲ್ಲಿ ಮಲಯಾಳವು ಆಡಳಿತದ ಭಾಷೆ, ಕನ್ನಡವು ಶಾಲೆ ಮತ್ತು ಸಾಹಿತ್ಯದ ಭಾಷೆ, ತುಳುವು ಗದ್ದೆ ಅಂಗಳಗಳ ಆಡುಮಾತು. ಕೂಡಿ ಹಾಡುವ ಶ್ರಮಗೀತೆಗಳ ಪರಂಪರೆ ಇಲ್ಲಿ ಮುಖ್ಯವಾಗಿ ಬೆಳೆದುದು ತುಳುವಿನಲ್ಲಿ. ಅದರ ಪ್ರಧಾನ ಪ್ರಕಾರವೇ ಪಾಡ್ದನ.

ಪಾಡ್ದನಕ್ಕೆ ಎರಡು ನೆಲೆಗಳಿವೆ. ಭೂತಾರಾಧನೆಯ ಸಂದರ್ಭದಲ್ಲಿ ಪರವ, ಪಂಬದ, ನಲಿಕೆ ಸಮುದಾಯಗಳವರು ತೆಂಬರೆಯ ಬಡಿತದೊಂದಿಗೆ ದೈವದ ಹುಟ್ಟು ಮತ್ತು ಪ್ರಸರಣವನ್ನು ಹಾಡುತ್ತಾರೆ. ಇನ್ನೊಂದು, ನೇಜಿ ನೆಡುವಾಗ ಹೆಂಗಸರು ಹಾಡುವ ಪಾಡ್ದನ. ಇದಕ್ಕೆ ವಾದ್ಯವಿಲ್ಲ. ಹಿರಿಯಳೊಬ್ಬಳು ಸಾಲನ್ನು ಎತ್ತಿಕೊಡುತ್ತಾಳೆ. ಉಳಿದವರು ಅದನ್ನು ಒಟ್ಟಾಗಿ ಮರುನುಡಿಯುತ್ತಾರೆ. ಓಬೇಲೆಯಂತಹ ಹಾಡುಗಳಲ್ಲಿ ಪಲ್ಲವಿಯೇ ಗುಂಪಿನ ಪಾಲು. ಹಾಡಿಗೆ ಹೆಸರು ಬಂದುದೂ ಆ ಪಲ್ಲವಿಯಿಂದಲೇ.

ಈ ಮರುನುಡಿಯನ್ನು ಕೇವಲ ಪುನರುಕ್ತಿಯೆಂದು ಭಾವಿಸಲಾಗದು. ಗುಂಪು ಹಾಡುವಷ್ಟು ಹೊತ್ತು ಮುಂದಾಳುವಿಗೆ ಉಸಿರಾಟಕ್ಕೂ ಮುಂದಿನ ಸಾಲನ್ನು ಹೊಂದಿಸಿಕೊಳ್ಳುವುದಕ್ಕೂ ಬಿಡುವು ದೊರೆಯುತ್ತದೆ. ಕಥೆ ತಿಳಿಯದ ಕಿರಿಯಳು ಮರುನುಡಿಯುತ್ತಲೇ ಅದನ್ನು ಕಲಿಯುತ್ತಾಳೆ. ಗದ್ದೆಯ ಕೆಲಸ ಮುಗಿಯುವವರೆಗೆ ವರ್ಣನೆಯನ್ನು ಹಿಗ್ಗಿಸಬಹುದು, ಕೆಲಸ ಬೇಗ ಮುಗಿದರೆ ಕಥೆಯನ್ನು ನಡುವೆಯೇ ನಿಲ್ಲಿಸಬಹುದು. ಹೀಗೆ ಪಠ್ಯದ ಉದ್ದವನ್ನು ನಿರ್ಧರಿಸುವಲ್ಲಿ ಕಥೆಯಷ್ಟೇ ಕೆಲಸಕ್ಕೂ ಪಾಲಿದೆ.

ಮುಂದಾಳು ಮತ್ತು ಗುಂಪು ಎಂಬ ಈ ವಿಭಜನೆ ಬೇರೆ ನಾಡುಗಳ ಹಾಡಿಕೆಯಲ್ಲಿಯೂ ಉಂಟು. ಬಲ್ಗೇರಿಯದ ಸೋಫಿಯಾ ಸಮೀಪದ ಬಿಸ್ತ್ರಿತ್ಸಾದ ಹಿರಿಯ ಹೆಂಗಸರ ಗಾಯನದಲ್ಲಿ ಒಂದು ದನಿ ರಾಗವನ್ನು ನಡೆಸಿದರೆ ಉಳಿದವು ಆಧಾರಸ್ವರವನ್ನು ಹಿಡಿದಿಡುತ್ತವೆ. ಯುನೆಸ್ಕೋ 2005ರಲ್ಲಿ ಇದನ್ನು ಅಮೂರ್ತ ಪರಂಪರೆಯೆಂದು ಘೋಷಿಸಿ, 2008ರಲ್ಲಿ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು. ಆ ಸ್ಲಾವಿಕ್ ಪದ್ಧತಿಯಲ್ಲಿ ದನಿಗಳು ಏಕಕಾಲಕ್ಕೆ ಕೂಡುತ್ತವೆ. ಪಾಡ್ದನದಲ್ಲಿ ಒಂದರ ಬೆನ್ನಿಗೆ ಒಂದಾಗಿ ಬರುತ್ತವೆ. ಆದರೆ ಎರಡರಲ್ಲಿಯೂ ಒಬ್ಬಳಿಂದ ಹಾಡು ಪೂರ್ಣವಾಗದು.

ತುಳು ಮೌಖಿಕ ಕಾವ್ಯದ ದಾಖಲೀಕರಣ ಸಾಕಷ್ಟು ಮುಂದುವರಿದಿದೆ. ಬಿ. ಎ. ವಿವೇಕ ರೈ ಅವರ 'ತುಳು ಜನಪದ ಸಾಹಿತ್ಯ' 1985ರಲ್ಲಿ ಪ್ರಕಟವಾಯಿತು. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಮಹಾಕಾವ್ಯವು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಸಹಸಂಶೋಧಕರ ಶ್ರಮದಿಂದ 1998ರಲ್ಲಿ 15,683 ಸಾಲುಗಳಲ್ಲಿ ಹೊರಬಂದಿತು. ಒಬ್ಬ ಗಾಯಕನ ಸ್ಮೃತಿ ಎಷ್ಟು ವಿಸ್ತಾರವಾಗಿರಬಲ್ಲುದೆಂಬುದಕ್ಕೆ ಅದು ಸಾಕ್ಷಿ. ಆದರೆ ಗದ್ದೆಯ ಹಾಡು ಒಬ್ಬರ ಸ್ಮೃತಿಯಲ್ಲಿ ಮಾತ್ರ ಇರುವಂಥದಲ್ಲ. ಮುಂದಾಳುವನ್ನು ಜಗಲಿಯಲ್ಲಿ ಕುಳ್ಳಿರಿಸಿ ಹಾಡಿಸಿದರೆ ಕಥೆ ದೊರೆಯುತ್ತದೆ; ಎದುರುದನಿ ದೊರೆಯುವುದಿಲ್ಲ.

ಬೈಲು ಮಜಲುಗಳ ಭತ್ತದ ಗದ್ದೆಗಳು ಅಡಿಕೆ ತೋಟಗಳಾದಂತೆ, ಉಳಿದ ಗದ್ದೆಗಳಿಗೆ ನಾಟಿಯಂತ್ರ ಬಂದಂತೆ, ಹಾಡಿನ ಸಂದರ್ಭವೇ ಕುಗ್ಗಿದೆ. ಮೊದಲು ಮರೆಯಾಗುವುದು ಕಥೆಯಲ್ಲ, ಮರುನುಡಿಯುವವರ ಗುಂಪು. ಆದುದರಿಂದ ಗಡಿನಾಡಿನಲ್ಲಿ ಇನ್ನು ನಡೆಯಬೇಕಾದ ದಾಖಲೀಕರಣಕ್ಕೆ ಒಟ್ಟಿಗೆ ನೇಜಿ ನೆಟ್ಟವರನ್ನು ಒಟ್ಟಿಗೆ ಹಾಡಿಸುವುದು ಅವಶ್ಯ. ಪಲ್ಲವಿಯನ್ನು ಪ್ರತಿ ಸಾಲಿನಲ್ಲಿಯೂ ಬಿಡದೆ ಬರೆದುಕೊಳ್ಳಬೇಕು. ಯಾರು ಎಲ್ಲಿ ದನಿಗೂಡಿಸಿದರೆಂಬುದನ್ನೂ ಗುರುತಿಸಬೇಕು. ತುಳು ಹಾಡನ್ನು ಬಹುಕಾಲದಿಂದ ತನ್ನ ಲಿಪಿಯಲ್ಲಿ ಬರೆದಿಟ್ಟುಕೊಂಡು ಬಂದ ಕನ್ನಡ ವಿದ್ವತ್ತಿಗೆ ಈ ಕೆಲಸ ಹೊರಗಿನದಲ್ಲ.